ಆಫ್ ಆಗುವ ಕಂಪ್ಯೂಟರ್ ಹೊತ್ತು ಕೊಪ್ಪಳ ಜಿಲ್ಲೆ ಸುತ್ತಿದ ಮೂರು ದಿನ

“ತಮ್ಮಾ, ಮತ್ತ ಆಫ್ ಆತು ನೋಡೋ.”

ಗುರುವಾರ ಸಂಜೆ ಅಕ್ಕನ ಫೋನ್ ಬಂದಾಗ ನಾನು ಬೆಂಗಳೂರಿನ ಆಫೀಸಿನಲ್ಲಿ ಹೆಡ್‌ಫೋನ್ ಹಾಕಿಕೊಂಡು ಇನ್ಯಾರದೋ ಲ್ಯಾಪ್‌ಟಾಪ್ ಗೋಳು ಕೇಳುತ್ತಾ ಕೂತಿದ್ದೆ. ನನ್ನ ಕೆಲಸವೇ ಅದು, ಟೆಕ್ ಸಪೋರ್ಟ್. ದಿನಕ್ಕೆ ಇಪ್ಪತ್ತು ಜನರಿಗೆ ಕಂಪ್ಯೂಟರ್ ಸರಿ ಮಾಡಿಕೊಡುವವನ ಸ್ವಂತ ಅಕ್ಕನ ಕಂಪ್ಯೂಟರ್ ಒಂದೂವರೆ ತಿಂಗಳಿಂದ ಸರಿ ಇರಲಿಲ್ಲ.

ಅಕ್ಕನದು ಕುಷ್ಟಗಿಯಲ್ಲಿ ಒಂದು ಪುಟ್ಟ ಝೆರಾಕ್ಸ್ ಅಂಗಡಿ. ಪ್ರಿಂಟ್, ಲ್ಯಾಮಿನೇಶನ್, ಆನ್‌ಲೈನ್ ಅರ್ಜಿ, ಮದುವೆ ಕಾರ್ಡಿನ ಟೈಪಿಂಗ್, ಎಲ್ಲವೂ ಒಂದೇ ಕಂಪ್ಯೂಟರಿನ ಮೇಲೆ. ಮಹಿಳಾ ಸಂಘದ ಸಾಲ ತೆಗೆದು ಹಾಕಿದ ಅಂಗಡಿ ಅದು. ಹಳೇ ಮದರ್‌ಬೋರ್ಡ್ ಸುಟ್ಟು ಹೋದಾಗ ರಿಪೇರಿಯವರು ಹೊಸದು ಹಾಕಿಕೊಟ್ಟಿದ್ದರು. ಅಂದಿನಿಂದ ಶುರುವಾದ ಕಾಟ. ಅರ್ಜಿ ತುಂಬುತ್ತಾ ಇದ್ದಂತೆ ಟಪ್ ಅಂತ ಆಫ್. ಮತ್ತೆ ಆನ್ ಮಾಡಿದರೆ ಏನೂ ಆಗೇ ಇಲ್ಲ ಅನ್ನುವ ಹಾಗೆ ಓಡುತ್ತದೆ.

ಆ ಗುರುವಾರ ನರ್ಸಿಂಗ್ ಓದಿದ ಒಂದು ಹುಡುಗಿಯ ಕೆಲಸದ ಅರ್ಜಿ ಅರ್ಧಕ್ಕೆ ನಿಂತಿತ್ತು. ಫೀಸಿನ ದುಡ್ಡು ಖಾತೆಯಿಂದ ಹೋಗಿತ್ತು, ಅರ್ಜಿ ಸಲ್ಲಿಕೆ ಆಗಿರಲಿಲ್ಲ. ಮಂಗಳವಾರ ಕೊನೇ ದಿನ.

“ದುಡ್ಡು ನಾ ಕೊಡ್ತೀನಿ ತಂಗಿ, ಬ್ಯಾರೆ ಅಂಗಡ್ಯಾಗ ಮಾಡಸ್ಕೋ ಅಂದೆ. ಆಕಿ ಒಲ್ಲೆ ಅಂದ್ಳು. ಮಂಗಳವಾರ ಮಧ್ಯಾಹ್ನದ ತನಕ ಕಾಯ್ತೀನ್ರಿ ಅಕ್ಕಾರ, ನೀವ ಮಾಡಿಕೊಡ್ರಿ ಅಂದ್ಳು,” ಅಂದಳು ಅಕ್ಕ. ಸ್ವಲ್ಪ ಹೊತ್ತು ಸುಮ್ಮನಿದ್ದು, “ಹೊಸಾ ಸಿಸ್ಟಮ್ ತಗೊಳ್ಳಾಕ ಮತ್ತ ಸಂಘದಾಗ ಕೇಳ್ಬೇಕೇನೋ,” ಅಂದಳು.

ಮೊದಲ ಸಾಲವೇ ಇನ್ನೂ ತೀರಿರಲಿಲ್ಲ. ಸೋಮವಾರ, ಮಂಗಳವಾರ ರಜೆ ಹಾಕಿ ಶುಕ್ರವಾರ ರಾತ್ರಿ ಹಂಪಿ ಎಕ್ಸ್‌ಪ್ರೆಸ್ ಹತ್ತಿದೆ.

ಕೊಪ್ಪಳ: ಅಂಗಡಿ ತೆಗೆಯುವ ತನಕ

ಶನಿವಾರ ಬೆಳಿಗ್ಗೆ ಕೊಪ್ಪಳ ಸ್ಟೇಷನ್ನಿನಲ್ಲಿ ಇಳಿದೆ. ಥರ್ಮಲ್ ಪೇಸ್ಟ್, ಒಂದು ಹೊಸ ಪೆನ್ ಡ್ರೈವ್, ಒಂದು ಒಳ್ಳೆ ಸ್ಕ್ರೂಡ್ರೈವರ್ ತಗೊಳ್ಳೋದಿತ್ತು. ಕಂಪ್ಯೂಟರ್ ಅಂಗಡಿಗಳು ತೆಗೆಯೋದು ಹತ್ತಕ್ಕೆ. ಅಲ್ಲಿಯ ತನಕ ಏನು ಮಾಡೋದು? ಒಂದು ಪ್ಲೇಟ್ ಒಗ್ಗರಣಿ, ಎರಡು ಮಿರ್ಚಿ ತಿಂದು ಗವಿಮಠದ ಕಡೆ ನಡೆದೆ.

ಕೊಪ್ಪಳ ಜಿಲ್ಲೆ ರಾಯಚೂರಿನಿಂದ ಬೇರೆಯಾಗಿದ್ದು 1997ರಲ್ಲಿ. ಜಿಲ್ಲೆ ಹೊಸದು, ಊರು ಮಾತ್ರ ಬಹಳ ಹಳೇದು. ಗವಿಮಠದ ಬೆಟ್ಟದ ಮೇಲೆ ಒಂದು, ಪಾಲ್ಕಿಗುಂಡಿನಲ್ಲಿ ಇನ್ನೊಂದು, ಹೀಗೆ ಅಶೋಕನ ಎರಡು ಶಾಸನಗಳು ಈ ಒಂದೇ ಊರಲ್ಲಿವೆ. ಎರಡು ಸಾವಿರದ ಇನ್ನೂರಕ್ಕೂ ಹೆಚ್ಚು ವರ್ಷದ ಹಿಂದಿನವು. ಜಾತ್ರೆಯ ಹೊತ್ತಿಗೆ ಕಾಲಿಡಲು ಜಾಗ ಸಿಗದ ಈ ಬೆಟ್ಟದಲ್ಲಿ ಅವತ್ತು ನಾನು, ಎರಡು ಆಡು, ಪರೀಕ್ಷೆಗೆ ಓದುತ್ತಾ ಕೂತ ನಾಲ್ಕೈದು ಹುಡುಗರು ಅಷ್ಟೇ.

ಪಾಲ್ಕಿಗುಂಡು ಚಿಕ್ಕಂದಿನಿಂದ ನೋಡಿದ್ದೇ. ನಿಂತ ಎರಡು ದೊಡ್ಡ ಬಂಡೆಗಳ ಮೇಲೆ ಇನ್ನೊಂದು ಬಂಡೆ ಪಲ್ಲಕ್ಕಿಯ ಚಾವಣಿಯ ಹಾಗೆ ಅಡ್ಡ ಮಲಗಿದೆ. “ಅದ್ಹೆಂಗ ಬೀಳೂದಿಲ್ಲ?” ಅಂತ ಸಣ್ಣವನಿದ್ದಾಗ ಅಪ್ಪನನ್ನು ಕೇಳಿದ್ದೆ. “ಎಲ್ಲಿ ಊರಬೇಕೋ ಅಲ್ಲಿ ಊರೇತಿ, ಅದಕ್ಕ,” ಅಂದಿದ್ದರು. ಆ ಮಾತು ಅವತ್ತು ಸುಮ್ಮನೆ ನೆನಪಾಯಿತು. ಅದು ಎರಡು ದಿನದ ನಂತರ ಕೆಲಸಕ್ಕೆ ಬರುತ್ತದೆ ಅಂತ ಗೊತ್ತಿರಲಿಲ್ಲ.

ಹತ್ತೂವರೆಗೆ ಸಾಮಾನು ತಗೊಂಡು ಕುಷ್ಟಗಿ ಬಸ್ ಹತ್ತಿದೆ.

ಕುಷ್ಟಗಿ: ಎರಡು ರೋಗ, ಒಂದೇ ಹೆಸರು

ಕುಷ್ಟಗಿ ಅಂದರೆ ಹೊರಗಿನವರಿಗೆ ದಾಳಿಂಬೆ. ನಮಗೆ ಹೆದ್ದಾರಿ, ಬಿಸಿಲು, ಸಂಜೆಯ ಗಾಳಿ. 2025ರಲ್ಲಿ ಊರಿಗೆ ರೈಲೂ ಬಂತು. ಗದಗ–ವಾಡಿ ಮಾರ್ಗ ಇನ್ನೂ ಪೂರ್ತಿ ಆಗದಿದ್ದರೂ ಹುಬ್ಬಳ್ಳಿಗೆ ಇಲ್ಲಿಂದಲೇ ಹತ್ತಬಹುದು. ಅಕ್ಕನ ಅಂಗಡಿ ಗೋಡೆಯ ಮೇಲೆ ರೈಲಿನ ವೇಳಾಪಟ್ಟಿಯ ಪ್ರಿಂಟ್ ಅಂಟಿಸಿದ್ದಳು. ಅದನ್ನು ನೋಡಲಾದರೂ ಜನ ಒಳಗೆ ಬರಲಿ ಅಂತ.

ರೊಟ್ಟಿ, ಪುಂಡಿಪಲ್ಯ ಉಂಡು ಸಿಸ್ಟಮ್ ಮುಂದೆ ಕೂತೆ. ಅಕ್ಕ ತನ್ನ ಉದ್ರಿ ಪುಸ್ತಕ ತಂದಳು. ಕೊನೇ ಹಾಳೆ ತೆಗೆದು, “ಯಾವ್ಯಾವಾಗ ಆಫ್ ಆಗೇತಿ ಅಂತ ಇಲ್ಲಿ ಬರದೀನಿ ನೋಡು. ಜನ ಪೆನ್ ಡ್ರೈವ್ ಹಚ್ಚಿದಾಗ ಹೆಚ್ಚ ಆಫ್ ಆಗ್ತೈತಿ,” ಅಂದಳು.

“ಅದು ವೈರಸ್ ಇರ್ತೈತಿ ಬಿಡಕ್ಕಾ. ನಾ ನೋಡ್ತೀನಿ,” ಅಂದೆ. ಪುಸ್ತಕ ತೆಗೆದು ನೋಡಲೇ ಇಲ್ಲ.

ಈ ಎರಡು ವಾಕ್ಯವನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ.

ಮೊದಲು ಚರಿತ್ರೆ ಕೇಳಿದೆ. ಬೋರ್ಡ್ ಬದಲಿಸಿದವರು ಹಳೇ ಹಾರ್ಡ್ ಡಿಸ್ಕನ್ನು ಹಾಗೇ ಹೊಸ ಬೋರ್ಡಿಗೆ ಹಚ್ಚಿದ್ದರು. ಮೊದಲ ಎರಡು ವಾರ ನೀಲಿ ಪರದೆ ಬರುತ್ತಿತ್ತು. ಅದಕ್ಕೆ ಕಾರಣ ಊಹಿಸುವುದು ಕಷ್ಟವಲ್ಲ. ವಿಂಡೋಸ್ ಹಳೇ ಬೋರ್ಡಿನ ಡ್ರೈವರ್‌ಗಳನ್ನೇ ಹಿಡಿದುಕೊಂಡು ಹೊಸ ಬೋರ್ಡಿನ ಜೊತೆ ಮಾತಾಡಲು ಹೋಗುತ್ತದೆ. ಗಂಡನ ಮನೆಗೆ ಬಂದ ಮೇಲೂ ತವರಿನ ಅಡುಗೆಮನೆಯ ಡಬ್ಬಿ ಹುಡುಕಿದ ಹಾಗೆ. ಈಗಿನ ವಿಂಡೋಸ್ 10, 11 ಎಷ್ಟೋ ಸಲ ತಾನೇ ಹೊಂದಿಕೊಳ್ಳುತ್ತದೆ, ಎಲ್ಲ ಸಲವೂ ಅಲ್ಲ. ರಿಪೇರಿಯವರು ಆಮೇಲೆ ವಿಂಡೋಸ್ ಹೊಸದಾಗಿ ಹಾಕಿದರು. ನೀಲಿ ಪರದೆ ನಿಂತಿತು.

ಆದರೆ ಆಫ್ ಆಗೋದು ನಿಲ್ಲಲಿಲ್ಲ. ಎಲ್ಲರೂ “ಅದೇ ಪ್ರಾಬ್ಲಂ ಇನ್ನೂ ಐತಿ” ಅಂದುಕೊಂಡರು. ಅದೇ ಅಲ್ಲ, ಇದು ಬೇರೆ. ನೀಲಿ ಪರದೆ ಬಂದರೆ ವಿಂಡೋಸಿಗೆ ಏನೋ ತಪ್ಪಿದೆ ಅಂತ ಗೊತ್ತಾಗಿದೆ, ಹೇಳಿ ನಿಂತಿದೆ ಅಂತ ಅರ್ಥ. ಏನೂ ಹೇಳದೆ ಆಫ್ ಆದರೆ ವಿಂಡೋಸಿಗೇ ಸುಳಿವು ಸಿಕ್ಕಿಲ್ಲ. ಒಂದು ಮಾತಿನ ಜಗಳ, ಇನ್ನೊಂದು ಕರೆಂಟ್ ಹೋದದ್ದು.

ವಿಂಡೋಸಿನ ಇವೆಂಟ್ ವ್ಯೂವರ್ ತೆರೆದೆ. ಪ್ರತಿ ಸಲಕ್ಕೂ ಒಂದೇ ಸಾಲು: ಕರ್ನಲ್-ಪವರ್ 41. ಇದನ್ನು ನೋಡಿ ತುಂಬಾ ಜನ ಗಾಬರಿಯಾಗುತ್ತಾರೆ. ಅದು ರೋಗದ ಹೆಸರಲ್ಲ. “ಹಿಂದಿನ ಸಲ ಸರಿಯಾಗಿ ಶಟ್‌ಡೌನ್ ಆಗಲಿಲ್ಲ” ಅನ್ನೋದಷ್ಟೇ ಅದರ ಅರ್ಥ. ಅದರ ವಿವರದಲ್ಲಿ ಬಗ್‌ಚೆಕ್ ಕೋಡ್ ಅಂತ ಒಂದು ಅಂಕಿ ಇರುತ್ತದೆ. ಇಲ್ಲಿ ಅದು ಸೊನ್ನೆ. ಅಂದರೆ ನೀಲಿ ಪರದೆಯ ದಾಖಲೆಯೇ ಇಲ್ಲ. ನನ್ನ ಅನುಮಾನ ಸಾಫ್ಟ್‌ವೇರ್ ಬಿಟ್ಟು ಹಾರ್ಡ್‌ವೇರ್ ಕಡೆ ತಿರುಗಿತು.

ಬಯೋಸ್ ಒಳಗೆ ಹೋಗಿ ಪ್ರೊಸೆಸರಿನ ಬಿಸಿ ನೋಡಿದೆ. 45 ಡಿಗ್ರಿ ಆಸುಪಾಸು. ಕುಷ್ಟಗಿಯ ಬಿಸಿಲಿಗೆ ಇದು ತಂಪೇ. ಆದರೂ ಫ್ಯಾನ್ ಬಿಚ್ಚಿ ಪೇಸ್ಟ್ ಬದಲಿಸಿದೆ. ಮದರ್‌ಬೋರ್ಡಿನ ದೊಡ್ಡ ಪವರ್ ವೈರು, ಪ್ರೊಸೆಸರಿಗೆ ಬರುವ ಸಣ್ಣ ಪವರ್ ವೈರು, ಎರಡನ್ನೂ ತೆಗೆದು ಮತ್ತೆ ಒತ್ತಿ ಹಾಕಿದೆ. ರ‍್ಯಾಮ್ ತೆಗೆದು, ಒರೆಸಿ, ‘ಟಕ್’ ಅನ್ನುವ ತನಕ ಕೂರಿಸಿದೆ.

ರಾತ್ರಿ ಮೆಮ್‌ಟೆಸ್ಟ್ ಹಾಕಿದೆ. ವಿಂಡೋಸಿಗೆ ಸಂಬಂಧವಿಲ್ಲದೆ ಪೆನ್ ಡ್ರೈವಿನಿಂದಲೇ ಶುರುವಾಗಿ ರ‍್ಯಾಮ್ ಪರೀಕ್ಷೆ ಮಾಡುವ ಪ್ರೋಗ್ರಾಂ ಅದು. ಮುಂದಿನ ಯುಎಸ್‌ಬಿ ಕೆಲಸ ಮಾಡುತ್ತಿರಲಿಲ್ಲ. ಹಿಂದೆ ಹಚ್ಚಿದೆ. ಮುಂದಿನದು ಯಾಕೆ ಕೆಲಸ ಮಾಡಲ್ಲ ಅಂತ ಅಕ್ಕನನ್ನು ಕೇಳಲಿಲ್ಲ.

ಬೆಳಿಗ್ಗೆ ಎದ್ದು ನೋಡಿದರೆ ಟೆಸ್ಟ್ ಪಾಸ್. ಒಂದು ತಪ್ಪೂ ಇಲ್ಲ, ರಾತ್ರಿಯೆಲ್ಲಾ ಒಂದು ಸಲವೂ ಆಫ್ ಆಗಿಲ್ಲ. ಪೆನ್ ಡ್ರೈವ್ ಎಳೆದೆ. ಟಪ್. ಆಫ್.

ಖುಷಿಯಾಯಿತು. ನಗಬೇಡಿ, ನಿಜಕ್ಕೂ ಖುಷಿಯಾಯಿತು. ವಿಂಡೋಸೂ ಇಲ್ಲ, ಹಾರ್ಡ್ ಡಿಸ್ಕಿನ ಕೆಲಸವೂ ಇಲ್ಲ, ಆದರೂ ಆಫ್ ಆಯಿತು ಅಂದರೆ ಅವೆರಡೂ ನಿರಪರಾಧಿಗಳು. ರ‍್ಯಾಮ್ ಪಾಸ್. ಹಾಗಾದರೆ ಉಳಿದದ್ದು ಎಸ್‌ಎಂಪಿಎಸ್, ಅಂದರೆ ಕರೆಂಟ್ ಹಂಚುವ ಡಬ್ಬಿ. ಹಳೇದು ಅದೊಂದೇ ತಾನೇ? ತರ್ಕ ಸರಿಯಾಗಿತ್ತು. ಆದರೆ ಆಫ್ ಆದ ಕ್ಷಣದಲ್ಲಿ ನನ್ನ ಕೈ ಎಲ್ಲಿತ್ತು ಅನ್ನೋದನ್ನು ಮಾತ್ರ ನಾನು ಲೆಕ್ಕಕ್ಕೆ ಹಿಡಿಯಲಿಲ್ಲ.

ಯಲಬುರ್ಗಾ: ಗೆದ್ದೆ ಅಂದುಕೊಂಡ ಭಾನುವಾರ

ಯಲಬುರ್ಗಾದಲ್ಲಿ ನನ್ನ ಪಿಯುಸಿ ದೋಸ್ತ ಫೋಟೋ ಸ್ಟುಡಿಯೋ ಇಟ್ಟಿದ್ದಾನೆ. ಮದುವೆ ವಿಡಿಯೋ ಎಡಿಟಿಂಗ್ ಮಾಡುವವರ ಹತ್ತಿರ ಬಿಡಿ ಸಾಮಾನು ಬಿದ್ದಿರುತ್ತವೆ. ಫೋನ್ ಮಾಡಿದೆ. “ಬಾರಲೇ, ಒಂದು ಎಸ್‌ಎಂಪಿಎಸ್ ಹಂಗ ಕುಂತೈತಿ,” ಅಂದ.

ಕ್ಯಾಬಿನೆಟ್ಟನ್ನು ಹಳೇ ಕೌದಿಯಲ್ಲಿ ಸುತ್ತಿ, ಬಸ್ಸಿನಲ್ಲಿ ತೊಡೆ ಮೇಲೆ ಇಟ್ಟುಕೊಂಡು ಹೊರಟೆ. ಪಕ್ಕದ ಅಜ್ಜ ಮುಟ್ಟಿ ನೋಡಿ, “ಏನದು ತಮ್ಮಾ, ದೇವರ?” ಅಂದ. “ಹೌದಜ್ಜ, ನಮ್ಮಕ್ಕನ ಅಂಗಡಿ ದೇವರು,” ಅಂದೆ. ಕೈ ಮುಗಿದೇಬಿಟ್ಟ.

ದೋಸ್ತ ಎಸ್‌ಎಂಪಿಎಸ್ ಬದಲಿಸಿದ. ಆನ್ ಮಾಡಿದೆವು. ಇಂಥ ಕಾಯಿಲೆಗೆ ಹತ್ತು ನಿಮಿಷದ ಪರೀಕ್ಷೆ ಸಾಲದು, ತಾಸುಗಟ್ಟಲೆ ಓಡಿಸಬೇಕು. ಒಂದು ಉದ್ದನೆ ವಿಡಿಯೋ ಹಚ್ಚಿ, ಸ್ಟುಡಿಯೋಗೆ ಬೀಗ ಹಾಕಿ, “ನಡೀ, ಇಟಗಿಗೆ ಹೋಗಿ ಬರೂಣು,” ಅಂದ. ಬೈಕಿನಲ್ಲಿ ಕುಕನೂರು ದಾಟಿ ಇಟಗಿಗೆ ಹೋದೆವು.

ಇಟಗಿಯ ಮಹಾದೇವ ದೇವಾಲಯ ನೋಡದವರು ಒಮ್ಮೆ ನೋಡಬೇಕು. 1112ರಲ್ಲಿ, ಚಾಲುಕ್ಯ ಚಕ್ರವರ್ತಿ ಆರನೇ ವಿಕ್ರಮಾದಿತ್ಯನ ಕಾಲದಲ್ಲಿ, ಅವನ ದಂಡನಾಯಕ ಮಹಾದೇವ ಕಟ್ಟಿಸಿದ್ದು. ಶಾಸನದಲ್ಲಿ ಇದನ್ನು ‘ದೇವಾಲಯ ಚಕ್ರವರ್ತಿ’ ಅಂತಲೇ ಕರೆದಿದ್ದಾರೆ. ಕಂಬಗಳು ತಿರುಗಣಿಯಲ್ಲಿ ಕಡೆದ ಹಾಗೆ ನುಣುಪು. ಕೈ ಆಡಿಸಿದರೆ ಒಂದು ಉಬ್ಬು ತಗ್ಗು ಸಿಗದು. ಮೆಟ್ಟಿಲ ಮೇಲೆ ಕೂತು ಶೇಂಗಾ ತಿಂದೆವು. ಭಾನುವಾರವಾದ್ದರಿಂದ ಮಕ್ಕಳು ಹೊಂಡದ ಸುತ್ತ ಓಡಾಡುತ್ತಿದ್ದವು. ದೋಸ್ತನ ಸ್ಟುಡಿಯೋಗೂ ಈಗ ಗಿರಾಕಿ ಕಡಿಮೆಯಂತೆ. “ಎಲ್ಲಾರ ಕೈಯಾಗ ಕ್ಯಾಮೆರಾ ಐತಿ. ಫೋಟೋ ತಗ್ಯಾವ್ರು ಭಾಳ, ತಗಸ್ಕೊಳ್ಳಾವ್ರು ಕಡಿಮಿ,” ಅಂದ. ಇಬ್ಬರೂ ನಕ್ಕೆವು. ಆಮೇಲೆ ಸ್ವಲ್ಪ ಹೊತ್ತು ಸುಮ್ಮನಾದೆವು.

ನಾಲ್ಕು ತಾಸಿನ ಮೇಲೆ ವಾಪಸ್ ಬಂದರೆ ವಿಡಿಯೋ ಇನ್ನೂ ಓಡುತ್ತಿತ್ತು! ಒಂದು ಸಲವೂ ಆಫ್ ಆಗಿರಲಿಲ್ಲ. “ಸಿಕ್ತು ನೋಡಲೇ ಕಳ್ಳ,” ಅಂದ ದೋಸ್ತ. ದುಡ್ಡು ಕೊಡಲು ಹೋದರೆ ಕೈ ತಳ್ಳಿದ. ಅಕ್ಕನಿಗೆ ಫೋನ್ ಮಾಡಿ, “ಆತಕ್ಕಾ, ಸರಿ ಆತು. ನಾಳೆ ಆ ಹುಡುಗೀನ್ನ ಕರಿ,” ಅಂದೆ.

ಸೋಮವಾರ ಬೆಳಿಗ್ಗೆ ಹತ್ತು ಗಂಟೆ. ಮೊದಲ ಗಿರಾಕಿ ಒಬ್ಬ ಕಾಲೇಜು ಹುಡುಗ, ಪ್ರಾಜೆಕ್ಟ್ ಪ್ರಿಂಟ್ ಬೇಕು. ಅಕ್ಕ ಅವನ ಪೆನ್ ಡ್ರೈವ್ ತಗೊಂಡು ಕ್ಯಾಬಿನೆಟ್ಟಿನ ಹಿಂದೆ ಕೈ ಹಾಕಿದಳು.

ಟಪ್.

ಅಕ್ಕ ನನ್ನ ಕಡೆ ನೋಡಲಿಲ್ಲ. ಉದ್ರಿ ಪುಸ್ತಕದ ಕೊನೇ ಹಾಳೆ ತೆಗೆದು ಟೈಮ್ ಬರೆದಳು. ಬೈದಿದ್ದರೆ ಚೆನ್ನಾಗಿರುತ್ತಿತ್ತು.

ಗಂಗಾವತಿ: ಮೊದಲ ಪ್ರಶ್ನೆ

ಗಂಗಾವತಿಯಲ್ಲಿ ಒಬ್ಬ ಹಳೇ ರಿಪೇರಿಯವರಿದ್ದಾರೆ ಅಂತ ದೋಸ್ತ ಹೇಳಿದ. ಮೊದಲು ರೇಡಿಯೋ, ಟಿವಿ, ಆಮೇಲೆ ರೈಸ್ ಮಿಲ್ಲುಗಳ ಎಲೆಕ್ಟ್ರಾನಿಕ್ ತಕ್ಕಡಿ, ಈಗ ಕಂಪ್ಯೂಟರ್. ಸೋಮವಾರವೇ ಹೊರಟೆವು. ಈ ಸಲ ಅಕ್ಕನೂ ಬಂದಳು. “ಅಂಗಡಿ ತಗದು ಏನ್ ಮಾಡ್ಲಿ, ನೊಣ ಹೊಡೀಲೇನು?” ಅಂದಳು. ಬಸ್ಸಿನಲ್ಲಿ ಶಕ್ತಿ ಯೋಜನೆಯ ಸೊನ್ನೆ ಟಿಕೆಟ್ ಅಕ್ಕನಿಗೆ, ದುಡ್ಡಿನ ಟಿಕೆಟ್ ನನಗೆ.

ತಾವರಗೇರಾ ದಾಟಿ ಬಸ್ಸು ಕನಕಗಿರಿ ಮೇಲೆ ಹೋಯಿತು. ಕನಕಾಚಲಪತಿ ಗುಡಿಯ ಗೋಪುರ ಕಂಡಾಗ ನಮ್ಮ ಕಡೆಯ ಗಾದೆ ನೆನಪಾಯಿತು: ಕಾಲಿದ್ದವರು ಹಂಪಿ ನೋಡಬೇಕು, ಕಣ್ಣಿದ್ದವರು ಕನಕಗಿರಿ ನೋಡಬೇಕು. ಕನಕಗಿರಿ ಕಳೆದು ಸ್ವಲ್ಪ ಹೊತ್ತಿಗೆ ಬಣ್ಣವೇ ಬದಲಾಗುತ್ತದೆ. ಒಣ ಹೊಲ ಮುಗಿದು ಹಸಿರು ಗದ್ದೆ ಶುರು. ತುಂಗಭದ್ರೆಯ ಎಡದಂಡೆ ಕಾಲುವೆಯ ನೀರು ಅದು. ಒಂದೇ ಜಿಲ್ಲೆ, ಎರಡು ಲೋಕ. ನಮ್ಮಲ್ಲಿ ಮಳೆಗೆ ಮುಖ ಎತ್ತಿ ನೋಡುತ್ತಾರೆ, ಇಲ್ಲಿ ಕಾಲುವೆಗೆ ತಲೆ ತಗ್ಗಿಸಿ ನೋಡುತ್ತಾರೆ.

ರಿಪೇರಿಯವರ ಅಂಗಡಿ ಒಂದು ಗಲ್ಲಿಯೊಳಗೆ. ಐವತ್ತೈದರ ಆಸುಪಾಸಿನವರು, ಕನ್ನಡಕ ಹಣೆ ಮೇಲೆ. ನಾನು ಶುರು ಮಾಡಿದೆ: ಇವೆಂಟ್ ವ್ಯೂವರ್, ಕರ್ನಲ್-ಪವರ್, ಮೆಮ್‌ಟೆಸ್ಟ್, ಎಸ್‌ಎಂಪಿಎಸ್… ಅವರು ಎಲ್ಲಾ ಕೇಳಿದರು. ತಲೆಯನ್ನೂ ಆಡಿಸಿದರು. ಆಮೇಲೆ ಅಕ್ಕನ ಕಡೆ ತಿರುಗಿದರು.

“ದಿನಾ ಇದರ ಮುಂದ ಕೂಡಾಕಿ ನೀನ ಅಲ್ಲೇನವ್ವಾ? ನೀ ಹೇಳು ತಂಗಿ. ಯಾವಾಗ ಆಫ್ ಆಗ್ತೈತಿ?”

ಅಕ್ಕ ಚೀಲದಿಂದ ಉದ್ರಿ ಪುಸ್ತಕ ತೆಗೆದಳು. ಅದನ್ನು ತಂದಿದ್ದಾಳೆ ಅಂತಲೂ ನನಗೆ ಗೊತ್ತಿರಲಿಲ್ಲ. ಒಂದೂವರೆ ತಿಂಗಳು, ಮೂವತ್ತೊಂದು ಸಲ. ದಿನ, ಟೈಮ್, ಏನು ಮಾಡುತ್ತಿದ್ದೆ. ಅದರಲ್ಲಿ ಇಪ್ಪತ್ತೆರಡು ಸಾಲಿನ ಮುಂದೆ ‘ಪೆನ್ ಡ್ರೈವ್’ ಅಂತ ಬರೆದಿತ್ತು. ಐದು ಕಡೆ ‘ಟೇಬಲ್ ಸರಿಸಿದೆ’, ‘ಕಸ ಹೊಡದೆ’ ಅಂತ.

“ಪೆನ್ ಡ್ರೈವ್ ಮುಂದ ಹಚ್ತಿಯೋ, ಹಿಂದೋ?”

“ಹಿಂದ್ರೀ ಅಣ್ಣಾರ. ಹೊಸಾ ಬೋರ್ಡ್ ಹಾಕಿದಾಗಿಂದ ಮುಂದಿಂದು ನಡಿಯಂಗಿಲ್ಲ.”

ಅವರು ಕನ್ನಡಕ ಇಳಿಸಿಕೊಂಡರು. ಮದರ್‌ಬೋರ್ಡನ್ನು ಡಬ್ಬಿಯಿಂದ ಪೂರ್ತಿ ಹೊರಗೆ ತೆಗೆದು, ಒಂದು ರಟ್ಟಿನ ಮೇಲೆ ಮಲಗಿಸಿ, ಟೇಬಲ್ ಮೇಲೇ ವೈರು ಹಚ್ಚಿ ಆನ್ ಮಾಡಿದರು. ಹಿಂದಿನ ಯುಎಸ್‌ಬಿಗೆ ಪೆನ್ ಡ್ರೈವ್ ಹಾಕಿದರು, ತೆಗೆದರು. ಹತ್ತು ಸಲ, ಇಪ್ಪತ್ತು ಸಲ. ಬೋರ್ಡನ್ನು ಬೆರಳಿಂದ ಮೆಲ್ಲಗೆ ತಟ್ಟಿದರು. ಏನೂ ಆಗಲಿಲ್ಲ.

“ಬೋರ್ಡ್ ಚಲೋ ಐತಿ. ಡಬ್ಬಿ ನೋಡೂಣು,” ಅಂದು ಖಾಲಿ ಕ್ಯಾಬಿನೆಟ್ಟಿಗೆ ಬ್ಯಾಟರಿ ಬಿಟ್ಟರು. “ಬಾರಪ್ಪಾ ಇಲ್ಲಿ. ಎಣಸು.”

ಒಳಗಿನ ತಗಡಿನ ಮೇಲೆ ಹಿತ್ತಾಳೆಯ ಸಣ್ಣ ಸಣ್ಣ ಗುಬ್ಬಿಗಳಿರುತ್ತವೆ. ಸ್ಟ್ಯಾಂಡ್‌ಆಫ್ ಅಂತಾರೆ. ಮದರ್‌ಬೋರ್ಡಿನ ಕಾಲುಗಳು ಅವು. ಬೋರ್ಡ್ ತಗಡಿಗೆ ತಾಗಬಾರದು ಅಂತ ಅದನ್ನು ಕೆಲವು ಮಿಲಿಮೀಟರ್ ಮೇಲೆ ಎತ್ತಿ ಹಿಡಿಯುತ್ತವೆ. ಹಳೇ ಬೋರ್ಡ್ ದೊಡ್ಡದು, ಅದಕ್ಕೆ ಒಂಬತ್ತು ಗುಬ್ಬಿ. ಹೊಸದು ಸಣ್ಣದು, ಅದಕ್ಕೆ ಬೇಕಿದ್ದದ್ದು ಆರು. ಒಂಬತ್ತೂ ಹಾಗೇ ಇದ್ದವು. ಅದರಲ್ಲಿ ಎರಡು ಬೋರ್ಡಿನಿಂದ ಆಚೆಗೆ ಬರುತ್ತಿದ್ದವು, ತೊಂದರೆಯಿಲ್ಲ. ಒಂದು ಮಾತ್ರ ಹೊಸ ಬೋರ್ಡಿನ ಕೆಳಗೆ, ತೂತೇ ಇಲ್ಲದ ಜಾಗದಲ್ಲಿ, ಬೆಸುಗೆಯ ಮೊನೆಗಳಿಗೆ ಕೂದಲೆಳೆ ದೂರದಲ್ಲಿ ಕೂತಿತ್ತು.

ಹಿಂದಿನ ಯುಎಸ್‌ಬಿ ನೇರವಾಗಿ ಮದರ್‌ಬೋರ್ಡಿನ ಮೇಲೇ ಇರುತ್ತದೆ. ಪೆನ್ ಡ್ರೈವ್ ಒತ್ತಿದಾಗ, ಎಳೆದಾಗ ಬೋರ್ಡ್ ಸ್ವಲ್ಪ ಬಾಗುತ್ತದೆ. ಬಾಗಿದಾಗ ಗುಬ್ಬಿಗೆ ತಾಗುತ್ತದೆ. ತಾಗಿದರೆ ಶಾರ್ಟ್. ಶಾರ್ಟ್ ಆದ ತಕ್ಷಣ ಎಸ್‌ಎಂಪಿಎಸ್ ಎಲ್ಲವನ್ನೂ ಉಳಿಸಲು ತಾನೇ ಕರೆಂಟ್ ಕಡಿಯುತ್ತದೆ. ಯಾರೂ ಮುಟ್ಟದಿದ್ದರೆ ರಾತ್ರಿಯೆಲ್ಲಾ ಓಡುತ್ತದೆ, ಯಲಬುರ್ಗಾದಲ್ಲಿ ನಾಲ್ಕು ತಾಸು ಓಡುತ್ತದೆ. ನಾನು ಕಳ್ಳ ಅಂದುಕೊಂಡ ಎಸ್‌ಎಂಪಿಎಸ್ ಅಷ್ಟು ದಿನ ಕಾವಲು ಕಾದಿತ್ತು.

ಇನ್ನು ಮುಂದಿನ ಯುಎಸ್‌ಬಿ? ಅದರ ಸಣ್ಣ ವೈರನ್ನು ಹೊಸ ಬೋರ್ಡಿಗೆ ಹಚ್ಚುವುದನ್ನೇ ಮರೆತಿದ್ದರು. ಅದೊಂದು ಹಚ್ಚಿದ್ದರೆ ಅಕ್ಕ ಹಿಂದೆ ಕೈ ಹಾಕುವ ಪ್ರಮೇಯವೇ ಬರುತ್ತಿರಲಿಲ್ಲ.

ಅವರು ಇಕ್ಕಳದಿಂದ ಆ ಗುಬ್ಬಿ ತಿರುವಿ ತೆಗೆದು ಅಕ್ಕನ ಅಂಗೈ ಮೇಲೆ ಇಟ್ಟರು. ಜೋಳದ ಕಾಳಿಗಿಂತ ಸ್ವಲ್ಪ ದೊಡ್ಡದು.

“ನಮ್ಮ ಟಿಬಿ ಡ್ಯಾಮಿಗೆ 33 ಗೇಟ್ ಅದಾವು,” ಅಂದರು ಬೋರ್ಡ್ ಕೂರಿಸುತ್ತಾ. “2024ರ ಆಗಸ್ಟ್‌ನ್ಯಾಗ 19ನೇ ಗೇಟಿಂದು ಚೈನ್ ಕಡೀತು. ಉಳಿದ 32 ಗಟ್ಟಿ ಇದ್ದು ಏನ್ ಬಂತು? ನೀರು ಹೊಂಟು ಹೋಗೂದು ನೋಡಿ ಇಲ್ಲಿ ರೈತ್ರಿಗೆ ನಿದ್ದಿ ಇಲ್ಲ. ಒಂದು ವಾರದಾಗ ಅಡ್ಡ ಗೇಟ್ ಇಳಿಸಿ ನಿಲ್ಲಿಸಿದ್ರು. ಎಲ್ಲಿ ಹೋಗೇತಿ ಅಂತ ಗೊತ್ತಾದ್ರ ಅರ್ಧಾ ಕೆಲಸ ಆದಂಗ.”

ನೂರು ರೂಪಾಯಿ ತಗೊಂಡರು. “ಗುಬ್ಬಿಗೆ ರೊಕ್ಕ ಇಲ್ಲ, ಬಿಚ್ಚಿ ಜೋಡಿಸಿದ್ದಕ್ಕ,” ಅಂದರು. ನನಗೆ ಪಾಲ್ಕಿಗುಂಡು ನೆನಪಾಯಿತು. ಎಲ್ಲಿ ಊರಬೇಕೋ ಅಲ್ಲಿ ಊರಬೇಕು. ಊರಬಾರದ ಕಡೆ ಒಂದು ಕಾಲು ಹೆಚ್ಚಿದ್ದರೂ ಕೆಟ್ಟಿತು.

ನಿಮ್ಮ ಮನೆಯಲ್ಲೂ ಬೋರ್ಡ್ ಬದಲಾಗಿದ್ದರೆ

ಈ ಮೂರು ದಿನದ ಪಾಠ ಫೋನಿನಲ್ಲಿ ಒಂದೇ ಉಸಿರಿಗೆ ಓದುವಷ್ಟು:

1. ಬೋರ್ಡ್ ಬದಲಿಸುವ ಮೊದಲು ಫೈಲುಗಳ ಬ್ಯಾಕಪ್ ಇರಲಿ. ಬಿಟ್‌ಲಾಕರ್ ಆನ್ ಇದ್ದರೆ ಅದರ 48 ಅಂಕಿಯ ರಿಕವರಿ ಕೀ ಬರೆದಿಟ್ಟುಕೊಳ್ಳಿ. ಬೋರ್ಡ್ ಬದಲಾದರೆ ಅದನ್ನು ಕೇಳುತ್ತದೆ, ಇಲ್ಲದಿದ್ದರೆ ನಿಮ್ಮ ಡಿಸ್ಕೇ ನಿಮಗೆ ತೆರೆಯದು. ವಿಂಡೋಸಿನ ಡಿಜಿಟಲ್ ಲೈಸೆನ್ಸ್ ಕೂಡ ಬೋರ್ಡಿಗೆ ಹೊಂದಿಕೊಂಡಿರುತ್ತದೆ. ಮೊದಲೇ ಮೈಕ್ರೋಸಾಫ್ಟ್ ಖಾತೆಗೆ ಜೋಡಿಸಿಡಿ.

2. ಕೆಟ್ಟದ್ದು ಹೇಗೆ ಅಂತ ಬಿಡಿಸಿ ನೋಡಿ. ನೀಲಿ ಪರದೆ, ಗಟ್ಟಿಯಾಗಿ ನಿಲ್ಲೋದು, ಟಪ್ ಅಂತ ಆಫ್ ಆಗೋದು, ಇವು ಮೂರೂ ಒಂದೇ ಅಲ್ಲ. ನೀಲಿ ಪರದೆಗೆ ಡ್ರೈವರ್ ಮತ್ತು ರ‍್ಯಾಮ್ ಮೊದಲು ನೋಡಿ. ಆಫ್ ಆಗೋದಕ್ಕೆ ಬಿಸಿ, ಪವರ್, ಶಾರ್ಟ್ ನೋಡಿ.

3. ಹೊಸ ಬೋರ್ಡಿಗೆ ವಿಂಡೋಸ್ ಹೊಸದಾಗಿ ಹಾಕುವುದು ಒಳ್ಳೆಯದು. ಆಗದಿದ್ದರೆ ಬೋರ್ಡ್ ತಯಾರಿಸಿದವರ ವೆಬ್‌ಸೈಟಿನಿಂದ ಚಿಪ್‌ಸೆಟ್ ಡ್ರೈವರ್ ಹಾಕಿ.

4. ಎರಡೂ ಪವರ್ ವೈರು, ರ‍್ಯಾಮ್, ಫ್ಯಾನ್ ಸರಿ ಕೂತಿವೆಯೇ ನೋಡಿ. ಎರಡು ರ‍್ಯಾಮ್ ಇದ್ದರೆ ಒಂದೊಂದೇ ಹಾಕಿ ಓಡಿಸಿ.

5. ಏನೂ ಸಿಗದಿದ್ದರೆ ಬೋರ್ಡನ್ನು ಡಬ್ಬಿಯ ಹೊರಗೆ ರಟ್ಟಿನ ಮೇಲೆ ಓಡಿಸಿ. ಹೊರಗೆ ಓಡಿ ಒಳಗೆ ಆಫ್ ಆದರೆ ಗುಬ್ಬಿ ಎಣಿಸಿ. ಕೈ ಹಾಕುವ ಮುಂಚೆ ಪ್ಲಗ್ ಕಿತ್ತಿರಲಿ. ಎಸ್‌ಎಂಪಿಎಸ್ ಡಬ್ಬಿಯನ್ನು ಮಾತ್ರ ನೀವು ಬಿಚ್ಚಬೇಡಿ, ಪ್ಲಗ್ ತೆಗೆದ ಮೇಲೂ ಒಳಗೆ ಕರೆಂಟ್ ಉಳಿದಿರುತ್ತದೆ.

6. ಒಂದು ಸಲಕ್ಕೆ ಒಂದೇ ಬದಲಾವಣೆ. ಮತ್ತು ಪುಸ್ತಕದಲ್ಲಿ ಬರೆಯಿರಿ.

ಆರನೆಯದನ್ನು ನಾನು ಕಲಿತದ್ದು ಕಾಲೇಜಿನಲ್ಲಲ್ಲ, ಆಫೀಸಿನ ಟ್ರೇನಿಂಗಿನಲ್ಲೂ ಅಲ್ಲ.

ವಾಪಸ್ ಕುಷ್ಟಗಿ

ರಾತ್ರಿ ಎಂಟಕ್ಕೆ ಅಂಗಡಿ ತಲುಪಿದೆವು. ಅಕ್ಕ ಆ ಹುಡುಗಿಗೆ ಫೋನ್ ಮಾಡಿದಳು. ಅಣ್ಣನ ಬೈಕಿನಲ್ಲಿ ಬಂದಳು. ಫೋಟೋ, ಸಹಿ, ಅಂಕಪಟ್ಟಿ ಇದ್ದ ಪೆನ್ ಡ್ರೈವ್ ಕೊಟ್ಟಳು. ಅಕ್ಕನ ಕೈ ಅಭ್ಯಾಸದಂತೆ ಹಿಂದಕ್ಕೆ ಹೋಯಿತು, ಆಮೇಲೆ ನಿಂತು ಮುಂದಕ್ಕೆ ಬಂತು. ಮೂವರೂ ಉಸಿರು ಹಿಡಿದಿದ್ದೆವು. ಏನೂ ಆಗಲಿಲ್ಲ.

ಒಂಬತ್ತೂವರೆಗೆ ಅರ್ಜಿ ಸಲ್ಲಿಕೆಯಾಯಿತು. ಪ್ರಿಂಟ್ ತೆಗೆದುಕೊಟ್ಟಾಗ ಹುಡುಗಿ ಅದನ್ನು ಎರಡು ಸಲ ಓದಿ ಮಡಚಿಟ್ಟುಕೊಂಡಳು. ಎರಡನೇ ಸಲದ ಫೀಸನ್ನು ಅಕ್ಕ ತಾನೇ ಕಟ್ಟಿದ್ದಳು. ಮೊದಲಿನದು ಖಾತೆಗೆ ವಾಪಸ್ ಬಂದರೆ ಕೊಟ್ಟರಾಯಿತು ಅಂತ ಉದ್ರಿ ಪುಸ್ತಕದಲ್ಲಿ ಬರೆದುಕೊಂಡಳು.

ಒಂದೂವರೆ ತಿಂಗಳಲ್ಲಿ ಬೇರೆ ಅಂಗಡಿಗೆ ಹೋದ ಗಿರಾಕಿಗಳು ಎಲ್ಲರೂ ವಾಪಸ್ ಬಂದಿಲ್ಲ. ಕೆಲವರು ಬರುತ್ತಿದ್ದಾರೆ. ಹೊಸ ಸಾಲ ಮಾತ್ರ ಬೇಕಾಗಲಿಲ್ಲ. ದೋಸ್ತನ ಎಸ್‌ಎಂಪಿಎಸ್ಸನ್ನು ಮರುದಿನ ಬಸ್ಸಿನಲ್ಲಿ ವಾಪಸ್ ಕಳಿಸಿ, ಹಳೇದನ್ನೇ ಹಾಕಿದೆ. ಅದು ಇವತ್ತಿಗೂ ಓಡುತ್ತಿದೆ.

ಮಂಗಳವಾರ ಸಂಜೆ ಕೊಪ್ಪಳಕ್ಕೆ ಹೊರಡುವಾಗ, “ಅಕ್ಕಾ, ಅವತ್ತ ನೀ ಹೇಳಿದಾಗ ನಾ ಕೇಳ್ಬೇಕಿತ್ತು,” ಅಂದೆ. ಅಕ್ಕ ರೊಟ್ಟಿ ಗಂಟು ಕಟ್ಟುತ್ತಾ, “ನೀ ಬಂದ್ಯಲ್ಲ, ಬಿಡು,” ಅಂದಳು.

ಬುಧವಾರ ಬೆಳಿಗ್ಗೆ ಆಫೀಸಿನಲ್ಲಿ ಮೊದಲ ಕಾಲ್ ಬಂತು. ಒಬ್ಬ ಹಿರಿಯ ಹೆಂಗಸು, ಲ್ಯಾಪ್‌ಟಾಪ್ ತಾನಾಗಿ ಆಫ್ ಆಗುತ್ತಂತೆ. ಸ್ಕ್ರೀನ್ ಮೇಲೆ ನನ್ನ ಪ್ರಶ್ನೆಗಳ ಪಟ್ಟಿ ರೆಡಿ ಇತ್ತು. ಅದನ್ನು ಬದಿಗೆ ಸರಿಸಿ ಕೇಳಿದೆ:

“ನೀವು ಹೇಳಿ ಅಮ್ಮಾ. ಯಾವಾಗ ಆಫ್ ಆಗುತ್ತೆ? ನಿಮಗೇನನ್ನಿಸುತ್ತೆ?”